ಹಾರದ ಬಂದೂಕು

ಅಣೆಕಟ್ಟಿನ ಮೇಲ್ದಂಡೆಯವರಿಗೂ ಕೆಳದಂಡೆಯವರಿಗೂ ಯುದ್ಧ ಶುರುವಾದ ದಿನ ಕೆಳದಂಡೆಯ ದುರುಗವ್ವನ ತಮ್ಮ ಯಮನೂರಿ ಮೇಲ್ದಂಡೆಯಲ್ಲಿ ಕೆಲಸಕ್ಕಿದ್ದ. ಅವರು ಅವನಿಗೊಂದು ಬಂದೂಕು ಕೊಟ್ಟರು, ಇವರು ಇವಳಿಗೊಂದು ಕೊಟ್ಟರು. ಮೊದಲ ಕಾಳಗ ಅಣೆಕಟ್ಟಿನ ಬಾಗಿಲಲ್ಲೇ ಆಯಿತು. ಎರಡನೆಯದರಲ್ಲಿ, ರೈಲು ಸೇತುವೆಯ ಮೇಲೆ, ಮೇಲ್ದಂಡೆಯ ಇನ್ನೂರು ಜನ ಸತ್ತರು. ಸತ್ತವರ ಹೆಸರುಗಳು ಈಚೆ ದಂಡೆಗೆ ಬರಲಿಲ್ಲ.

ಮೂರನೆಯ ಕಾಳಗದ ಬೆಳಿಗ್ಗೆ ದುರುಗವ್ವ ಕಲ್ಲುಗಣಿಯ ಅಂಚಿನಲ್ಲಿ ಮಲಗಿ, ಎದುರಿಗೆ ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದವನತ್ತ ಗುರಿಯಿಟ್ಟಳು. ಬೆರಳಲ್ಲಿ ಕುದುರೆ ಎಳೆದರೆ ಅದು ಅಲ್ಲಾಡಲಿಲ್ಲ. ಬಂದೂಕಿನ ಮೇಲೆ ಕೆಂಪು ದೀಪ ಹತ್ತಿತು. ರಕ್ತಸಂಬಂಧಿಯ ಮೇಲೆ ಯಾವ ಬಂದೂಕೂ ಹಾರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಪಕ್ಕದಲ್ಲಿದ್ದ ಹವಾಲ್ದಾರ ಕಾಶೀಮಸಾಬ ದೀಪ ನೋಡಿದ. "ಯಾರವ್ವಾ ಅಂವ?"

"ನಮ್ಮ ಯಮನೂರಿ ಇರಬೇಕ್ರಿ. ನನಗ ಬ್ಯಾರೆ ಯಾರೂ ಇಲ್ಲ. ಜೀವಂತ ಅದಾನ."

ಕಾಶೀಮಸಾಬನಿಗೆ ಯಮನೂರಿ ರಕ್ತಸಂಬಂಧಿಯಲ್ಲ; ಅವನ ಬಂದೂಕಿಗೆ ಅಂಥ ಅಡ್ಡಿಯಿರಲಿಲ್ಲ. ಅವನು ಅದನ್ನು ಅತ್ತ ತಿರುಗಿಸಿ ಒಂದು ಕಣ್ಣು ಮುಚ್ಚಿದ. ಅಷ್ಟರಲ್ಲಿ ಎದುರಿನವನೂ ತನ್ನ ಬಂದೂಕಿನ ಮೇಲೆ ಹತ್ತಿದ ಕೆಂಪು ದೀಪವನ್ನು ದಿಟ್ಟಿಸಿ ನೋಡಿ, ಮುಖದ ಬಟ್ಟೆ ಬಿಚ್ಚಿ, ಎದ್ದೇ ನಿಂತುಬಿಟ್ಟ.

"ಕುಂದ್ರೋ ಹುಚ್ಚಪ್ಪ," ಎಂದು ದುರುಗವ್ವ ಪಿಸುಗುಟ್ಟಿದಳು.

ಕಾಶೀಮಸಾಬ ಬಹಳ ಹೊತ್ತು ಗುರಿ ಹಿಡಿದೇ ಇದ್ದ. ಕೊನೆಗೆ ಬಂದೂಕು ಇಳಿಸಿದ. "ನನಗ ಅಲ್ಲಿ ಬರೇ ಕಲ್ಲು ಕಾಣಾಕತ್ತಾವ. ದೀಪ ಹತ್ತಿದವರು ಅಡಿಗಿ ಡೇರೆಗೆ ಹೋಗಬೇಕು. ನಡಿ."

"ಅವರ ಕಡೇನೂ ಹಿಂಗ ಕಳಸ್ತಾರೇನ್ರಿ?"

"ಕಳಸ್ತಾರ. ಎರಡೂ ಕಡೆ ಒಂದ ಕಾಯ್ದೆ."

ಯುದ್ಧ ಶುರುವಾದ ಇಪ್ಪತ್ತು ದಿನಗಳಲ್ಲಿ ಮೊದಲ ಸಲ ದುರುಗವ್ವನಿಗೆ ನಗು ಬಂತು. "ಅವಂಗ ರೊಟ್ಟಿ ಬಡಿಯಾಕ ಬರಂಗಿಲ್ರಿ," ಎಂದಳು.