ಹೋಗ್ತೀನಿ ಅನ್ನಬಾರದು

ಸತ್ತವರ ದನಿ ಮನೆಯ ತಂಬಿಗೆಯಲ್ಲಿ ಉಳಿಯಲೆಂದು ಶಿವನು ಕರುಣಿಸಿದ ಕಾಲವದು. ‘ಹೋಗ್ತೀನಿ’ ಎಂದು ತಾನೇ ಹೇಳಿದರೆ ಮಾತ್ರ ದನಿ ಹೊರಡುತ್ತಿತ್ತು. ಅದು ಹೊರಡುವ ತನಕ ಹೆಂಡತಿಗೆ ವಿಧವಾ ವೇತನ ಇಲ್ಲವೆಂದು ಸರ್ಕಾರದ ನಿಯಮ.

ವಯಸ್ಸಾಗಿ ಕೂಲಿಗೆ ಮೈ ಬಗ್ಗದ ಪುಟ್ಟನಂಜಮ್ಮ ಗಂಡನ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾಡಕಚೇರಿಗೆ ಬಂದಳು.

“ಯಜಮಾನರೇ, ಹೊರಡ್ತೀರಾ?” ಗುಮಾಸ್ತ ತಂಬಿಗೆಗೆ ಬಾಗಿ ಕೇಳಿದ.

“ಹೂಂ, ಹೋಗಿಬರ್ತೀನಿ ಸ್ವಾಮಿ,” ಎಂದಿತು ದನಿ.

“‘ಬರ್ತೀನಿ’ ಅಂದ್ರೆ ಲೆಕ್ಕಕ್ಕಿಲ್ಲ. ಬರೀ ‘ಹೋಗ್ತೀನಿ’ ಅನ್ನಿ.”

“ಹೆಂಡ್ತಿ ಮುಂದೆ ಹಂಗನ್ನಬಾರದು. ನಿಮ್ಮನೇಲಿ ಅಂದು ನೋಡಿ, ಪೊರಕೆ ಬರ್ತದೆ!”

ಸಾಲಿನಲ್ಲಿದ್ದವರು ನಕ್ಕರು. ಪುಟ್ಟನಂಜಮ್ಮನಿಗೂ ನಗು ಬಂತು. ವೇತನ ಬೇಡ, ಈ ದನಿಯೇ ಸಾಕು ಅನ್ನಿಸಿತು. “ನಡೀರಿ, ಮನೆಗೆ ಹೋಗುವ,” ಎಂದು ತಂಬಿಗೆಯನ್ನು ಎತ್ತಿಕೊಂಡಳು.

“ಕೈ ಯಾಕೆ ನಡುಗ್ತದೆ? ಉಂಡೆಯೇನೇ?”

“ಹೂಂ, ಉಂಡೆ.”

ಅವಳ ಸುಳ್ಳು ಅವನಿಗೆ ಬದುಕಿದ್ದಾಗಲೂ ತಿಳಿಯುತ್ತಿತ್ತು.

“ನಂಜೀ, ಹೋಗ್ತೀನಿ.”

ಗುಮಾಸ್ತ ಎದ್ದುನಿಂತು ಕೈಮುಗಿದ. ಅವಳು ತಂಬಿಗೆಗೆ ಬಾಯಿಟ್ಟು, “ಏನೂಂದ್ರೆ?” ಎಂದು ಮೆಲ್ಲಗೆ ಕರೆದಳು. ಒಳಗಿಂದ ಅವಳದೇ ದನಿ ತಿರುಗಿ ಬಂತು.