ಕೆಂಪು ಬಾವುಟ

ಉದ್ದಜಿಗಿತದ ಮರಳಿನಲ್ಲಿ ಕೋಚ್ ಒಂದು ಕೆಂಪು ಬಾವುಟ ನೆಟ್ಟರು.

"ಇದು ರಾಜ್ಯ ದಾಖಲೆ, ಮಗಳೇ. ಇದನ್ನ ದಾಟು, ದಸರಾ ಕ್ರೀಡಾಕೂಟಕ್ಕೆ ನಾನೇ ನಿನ್ನ ಹೆಸರು ಕೊಡ್ತೀನಿ. ಅಲ್ಲೀವರೆಗೂ ಯಾವ ಕೂಟಾನೂ ಬೇಡ."

ಅವಳು ದಿನವೂ ಹಾರಿದಳು. ದಿನವೂ ಒಂದು ಗೇಣು ಕಡಿಮೆ ಬೀಳುತ್ತಿತ್ತು. ಅಕ್ಕನ ಮದುವೆಗೂ ಹೋಗದೆ, ಜ್ವರ ಬಂದರೂ ಮಲಗದೆ ಹಾರಿದಳು. ದಸರಾ ಬಂದು ಹೋಯಿತು. ಕೊನೆಗೊಂದು ಬೆಳಿಗ್ಗೆ ಮಂಡಿ ಕೈಕೊಟ್ಟಿತು. ಇನ್ನು ಹಾರುವಂತಿಲ್ಲ ಎಂದು ಡಾಕ್ಟರು ಹೇಳಿದಾಗ ಅವಳಿಗೆ ಅಳು ಕೂಡ ಬರಲಿಲ್ಲ; ಅಷ್ಟು ದಣಿದುಹೋಗಿದ್ದಳು.

ಕೋಚ್ ಕೊಡಿಸಿದ್ದ ಶೂ ವಾಪಸ್ ಕೊಡಲು ಕುಂಟುತ್ತಾ ಮೈದಾನಕ್ಕೆ ಹೋದಳು. ಅಲ್ಲಿ ಹೊಸ ಹುಡುಗಿಯೊಬ್ಬಳು ನಿಂತಿದ್ದಳು. ಕೋಚ್ ಟೇಪು ಹಿಡಿದು ಅಳೆದು, ಬಾವುಟವನ್ನು ಕಿತ್ತು ತುಂಬಾ ಈಚೆ ತಂದು ನೆಡುತ್ತಿದ್ದರು.

"ಸರ್, ದಾಖಲೆ ಇನ್ನೂ ಆಚೆ ಇತ್ತಲ್ವಾ?"

"ಇಲ್ಲ, ಮೊದಲಿಂದ್ಲೂ ಇಲ್ಲೇ ಇರೋದು. ನೀನು ಹತ್ರ ಬಂದಾಗೆಲ್ಲ ಬಾವುಟಾನ ನಾನೇ ಆಚೆ ಸರಿಸ್ತಿದ್ದೆ."

"ಯಾಕೆ ಸರ್?"

"ಹೇಳಿದ್ರೆ ಅಲ್ಲಿಗೇ ಸಾಕು ಅನ್ಸಿಬಿಡ್ತಿತ್ತು ನಿಂಗೆ. ಯುಗಾದಿ ಹೊತ್ತಿಗೇ ನೀನು ಇದನ್ನ ದಾಟಿದ್ದೆ, ಮಗಳೇ."