ರಮಜಾನಿಗೆ ಕೊಟ್ಟ ಸ್ಟೂಲು

ಮುರಿದ ಸ್ಟೂಲಿನ ಕಾಲನ್ನು ಶಶಿಕಾಂತ ಉಗುರಿನಿಂದ ಕೆದಕಿದ. ಪ್ಲಾಸ್ಟಿಕ್ಕು ಈರುಳ್ಳಿಯಂತೆ ಪದರು ಪದರಾಗಿ ಎದ್ದು ಬಂತು. ರಾಣೆಬೆನ್ನೂರಿನ ತನ್ನ ಕಾರ್ಖಾನೆಯಲ್ಲಿ ತಯಾರಾದ ಈ ಸ್ಟೂಲನ್ನು ರಮಜಾನ್ ಹಬ್ಬಕ್ಕೆ ಅವನೇ ಈ ಮನೆಗೆ ತಂದುಕೊಟ್ಟಿದ್ದ. ಅದರ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ ಮಹಮೂದಾಬೇಗಂ ಎದುರಿಗೇ ಮಲಗಿದ್ದಳು.

ಆಕೆಯ ಮಗಳು ಅಲ್ಮಾಸ ಅವನ ಕಾರ್ಖಾನೆಯಲ್ಲಿ ಮಷಿನ್ ನಡೆಸುವವಳು. ಎರಡು ಜಾತಿಯ ಹಳೇ ಪ್ಲಾಸ್ಟಿಕ್ಕು ಕೂಡಿಸಿ ಕರಗಿಸಿದ ದಿನವೇ ಹೇಳಿದ್ದಳು: "ಕಾದಾಗ ಕೂಡೇ ಹರೀತಾವ್ರಿ, ಆದ್ರ ಒಂದರಾಗೊಂದು ಬೆರಿಯಂಗಿಲ್ಲ. ಆರಿದ ಮ್ಯಾಲ ಭಾರ ತಡಿಯಂಗಿಲ್ಲ."

"ಇಷ್ಟು ಚಂದ ಹರಿಯಾಕತ್ತೈತಿ, ಸುಮ್ನಿರವಾ," ಎಂದು ಅವನು ನಕ್ಕಿದ್ದ.

"ಸ್ಟೂಲಿಂದೇನ್ ತಪ್ಪಿಲ್ರಿ ಸಾಹುಕಾರ್ರ, ನಾನೇ ದಪ್ಪ ಆಗೇನಿ," ಎಂದಳು ಮಹಮೂದಾಬೇಗಂ. "ಉಳದಾವು ಚಲೋ ಮಾರಾಕತ್ತಾವೇನ್ರಿ?"

ಅಲ್ಮಾಸ ಅವನನ್ನೇ ನೋಡುತ್ತಿದ್ದಳು. ಶಶಿಕಾಂತ ತಲೆ ಎತ್ತದೆಯೇ ಹೇಳಿದ:

"ಎಲ್ಲಾ ಮಾರಿ ಹೋಗ್ಯಾವ್ರಿ, ಅಮ್ಮಾ."